ಕೋಳಿ ತಳಿಗಳ ಕೈಪಿಡಿ: ಕೊಳ್ಳುವ ಮುನ್ನ ನೋಡತಕ್ಕ ಅಂಶಗಳು

ತೋಟದ ಮನೆಯಲ್ಲಿ ನಾಲ್ಕು ಕೋಳಿ ಇರುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ನಾಲ್ಕು ಕೋಳಿಯ ಮಾತು ಬೇರೆ, ಐವತ್ತು ಕೋಳಿಯ ಮಾತು ಬೇರೆ. ಅಡಿಕೆ, ಕಾಫಿಯ ಹಣ ವರ್ಷಕ್ಕೊಮ್ಮೆ ಕೈಗೆ ಬರುವಂಥದು. ವಾರವಾರವೂ ಅಷ್ಟಿಷ್ಟು ಬರಲಿ ಎಂದು ಉಪಕಸುಬಾಗಿ ಐವತ್ತು, ನೂರು ಕೋಳಿ ಸಾಕುವ ಯೋಚನೆಯಲ್ಲಿರುವ ಸದಸ್ಯ ಬಾಂಧವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಕೇಳುವ ಮೊದಲನೆಯ ಪ್ರಶ್ನೆ "ಯಾವ ತಳಿ ಒಳ್ಳೆಯದು?" ಎರಡನೆಯದು "ಇದಕ್ಕೆ ಒಳ್ಳೆಯ ಪುಸ್ತಕ ಯಾವುದು?" ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದರೆ ಮೊದಲನೆಯದರ ಅರ್ಧ ಕೆಲಸ ಮುಗಿದಂತೆ. ಆದಕಾರಣ ಈ ಲೇಖನದಲ್ಲಿ ತಳಿಗಳ ಪುಸ್ತಕವನ್ನು ಪರೀಕ್ಷಿಸುವ ಬಗೆಯನ್ನು ತಿಳಿಸಲಾಗಿದೆ.

ಪುಸ್ತಕದ ಆಯ್ಕೆಗೆ ಇಷ್ಟೊಂದು ಯೋಚನೆ ಏಕೆ ಎಂದು ಕೆಲವರು ಕೇಳಬಹುದು. ಒಂದು ದಿನದ ಮರಿ ತಂದು ಮೊದಲ ಮೊಟ್ಟೆ ಕಾಣಬೇಕಾದರೆ ಐದಾರು ತಿಂಗಳು ಬೇಕು. ಅಷ್ಟು ಕಾಲವೂ ಬರಿಯ ಖರ್ಚು. ತಂದ ತಳಿ ನಮ್ಮ ಮಳೆಗೆ, ನಮ್ಮ ಅಂಗಳಕ್ಕೆ ಹೊಂದುವುದಿಲ್ಲವೆಂದು ತಿಳಿಯುವ ಹೊತ್ತಿಗೆ ಆಹಾರದ ಮೂಟೆಗಳು ಖಾಲಿಯಾಗಿರುತ್ತವೆ, ಸಾಲ ಮಾತ್ರ ಹಾಗೆಯೇ ಉಳಿದಿರುತ್ತದೆ. ಅಡಿಕೆ ಸಸಿ ನೆಡುವಾಗ ತಾಯಿಮರ ಯಾವುದೆಂದು ವಿಚಾರಿಸದೆ ಯಾರೂ ನೆಡುವುದಿಲ್ಲ. ಕೋಳಿಯ ವಿಷಯದಲ್ಲಿ ಮಾತ್ರ ಅಂಗಡಿಯಲ್ಲಿ ಕಂಡ ಬಣ್ಣದ ಮುಖಪುಟದ ಪುಸ್ತಕವನ್ನು ನಂಬಿಬಿಡುತ್ತೇವೆ.

ಯಾರಿಗಾಗಿ ಬರೆದ ಪುಸ್ತಕ?

ತಳಿಗಳ ಪುಸ್ತಕಗಳಲ್ಲಿ ಎರಡು ಜಾತಿ. ಒಂದು ಪ್ರದರ್ಶನದ ಕೋಳಿಗಳಿಗಾಗಿ ಬರೆದದ್ದು, ಇನ್ನೊಂದು ಸಾಕುವವರಿಗಾಗಿ ಬರೆದದ್ದು. ಈ ಭೇದ ತಿಳಿಯದಿದ್ದರೆ ಮುಂದಿನದೆಲ್ಲ ಗೊಂದಲವೇ.

ಇಂಗ್ಲೆಂಡಿನಲ್ಲಿ 1865ರಲ್ಲಿ, ಅಮೆರಿಕದಲ್ಲಿ 1874ರಲ್ಲಿ ಕೋಳಿ ತಳಿಗಳ ಲಕ್ಷಣಗಳನ್ನು ನಿಗದಿ ಮಾಡಿದ ಪುಸ್ತಕಗಳು ಮೊದಲ ಸಲ ಅಚ್ಚಾದವು. ಅಮೆರಿಕದ್ದನ್ನು ಹೊರತಂದದ್ದು 1873ರಲ್ಲಿ ಹುಟ್ಟಿದ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್. ಅದರ ಪರಿಷ್ಕೃತ ಆವೃತ್ತಿಗಳು ಇಂದಿಗೂ ಬರುತ್ತಿವೆ. ಜುಟ್ಟಿನಲ್ಲಿ ಎಷ್ಟು ಹಲ್ಲಿರಬೇಕು, ಬಾಲ ಎಷ್ಟು ಎತ್ತರಕ್ಕೆ ನಿಲ್ಲಬೇಕು, ಗರಿಯ ಅಂಚಿನ ಬಣ್ಣ ಯಾವುದು, ಕಾಲು ಹಳದಿಯೋ ಕಪ್ಪೋ ಎಂಬುದನ್ನೆಲ್ಲ ಇವು ಬಹಳ ನಿಖರವಾಗಿ ಹೇಳುತ್ತವೆ. ಪ್ರದರ್ಶನದಲ್ಲಿ ತೀರ್ಪು ಕೊಡುವವನಿಗೆ ಬೇಕಾದದ್ದು ಅದೇ. ಆದರೆ ಆ ಕೋಳಿ ವರ್ಷಕ್ಕೆ ಎಷ್ಟು ಮೊಟ್ಟೆ ಇಟ್ಟೀತು, ಎಷ್ಟು ಆಹಾರ ತಿಂದೀತು, ಮಳೆಗಾಲದಲ್ಲಿ ಬದುಕೀತೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಹುಡುಕಬಾರದು. ಪ್ರದರ್ಶನಕ್ಕೆಂದೇ ತಲೆಮಾರುಗಟ್ಟಲೆ ಗರಿ ನೋಡಿ ಆರಿಸಿದ ವಂಶಗಳಲ್ಲಿ ಮೊಟ್ಟೆ ಕಡಿಮೆಯಾಗಿರುವುದೂ ಉಂಟು. ಅಂಗಡಿಗಳಲ್ಲಿ ಸಿಗುವ ಅನೇಕ ಬಣ್ಣದ ಚಿತ್ರಗಳ ಪುಸ್ತಕಗಳು ಇಂಥ ಗ್ರಂಥಗಳಿಂದಲೇ ವಿವರ ಎತ್ತಿಕೊಂಡು, ಅದರ ಮೇಲೆ "ಹೊಸಬರಿಗೆ ಉಪಯುಕ್ತ" ಎಂದು ಬರೆದುಕೊಂಡಿರುತ್ತವೆ. ಚಿತ್ರ ನೋಡಲು ಚೆಂದ, ಅದಕ್ಕೆ ನಮ್ಮ ತಕರಾರಿಲ್ಲ.

ಪುಸ್ತಕವನ್ನು ಕೈಗೆತ್ತಿಕೊಂಡು ಯಾವುದಾದರೂ ಒಂದು ತಳಿಯ ಪುಟ ತೆರೆಯಿರಿ. ಅಲ್ಲಿ ಗರಿಯ ವರ್ಣನೆಗೆ ಹತ್ತು ಸಾಲು, ಮೊಟ್ಟೆ ಮತ್ತು ಆಹಾರಕ್ಕೆ ಒಂದು ಸಾಲು ಇದ್ದರೆ ಅದು ಮೊದಲ ಜಾತಿಯದು. ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬರಬಹುದು.

"ತಳಿ" ಎಂಬ ಶಬ್ದವನ್ನು ಹೇಗೆ ಬಳಸಿದ್ದಾರೆ?

ಒಳ್ಳೆಯ ಪುಸ್ತಕವನ್ನೂ ಕೆಟ್ಟ ಪುಸ್ತಕವನ್ನೂ ಬೇರ್ಪಡಿಸುವ ಅತಿ ಮುಖ್ಯ ಪರೀಕ್ಷೆ ಇದು. ನಾವು ಆಡುಮಾತಿನಲ್ಲಿ ಎಲ್ಲವನ್ನೂ ತಳಿ ಎನ್ನುತ್ತೇವೆ. ಅಸೀಲ್ ತಳಿ, ಗಿರಿರಾಜ ತಳಿ, ಬಿ.ವಿ. 300 ತಳಿ. ಆದರೆ ಈ ಮೂರೂ ಮೂರು ಬೇರೆ ಬಗೆಯ ವಸ್ತುಗಳು.

ಅಸೀಲ್, ಕಡಕ್‌ನಾಥ್ ಮುಂತಾದವು ನಿಜವಾದ ಅರ್ಥದಲ್ಲಿ ತಳಿಗಳು. ಅವುಗಳಲ್ಲಿ ಹುಂಜಕ್ಕೂ ಹೇಂಟೆಗೂ ಹುಟ್ಟಿದ ಮರಿಗಳು ತಂದೆತಾಯಿಯ ಹಾಗೆಯೇ ಇರುತ್ತವೆ. ದೇಶದ ಇಂಥ ನಾಟಿ ತಳಿಗಳನ್ನು ಗುರುತಿಸಿ ನೋಂದಾಯಿಸುವ ಕೆಲಸವನ್ನು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ ಮಾಡುತ್ತದೆ. ಅದರ ಪಟ್ಟಿಯಲ್ಲಿ ಆಂಧ್ರ ಮತ್ತು ಕರ್ನಾಟಕದ ಗಾಗಸ್ ಇದೆ, ನಮ್ಮ ಕರಾವಳಿಯ ನೆರೆಯದಾದ ಕೇರಳದ ತಲಶ್ಶೇರಿ ಕೋಳಿಯೂ ಇದೆ. ನಮ್ಮ ಹಿತ್ತಿಲಲ್ಲಿ ಓಡಾಡುವ ನಾಟಿ ಕೋಳಿಗಳಲ್ಲಿ ಬಹುಪಾಲು ಈ ಯಾವ ಪಟ್ಟಿಗೂ ಸೇರಿದವಲ್ಲ. ಅವು ಹಲವು ರಕ್ತ ಬೆರೆತ ಊರ ಕೋಳಿಗಳು. ಹಾಗೆಂದು ಅವು ಕೀಳು ಎಂದೇನೂ ಅಲ್ಲ.

ಗಿರಿರಾಜ ಬೇರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಕಾಲದಲ್ಲಿ ಹಿತ್ತಿಲ ಸಾಕಣೆಗೆಂದೇ ಅಲ್ಲಿ ರೂಪಿಸಿದ ಸಂಕರ ಕೋಳಿ ಅದು. ಮುಂದೆ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು 2005ರಲ್ಲಿ ಸ್ವರ್ಣಧಾರವನ್ನು ಹೊರತಂದಿತು. ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ, ಇಜ್ಜತ್‌ನಗರದ ನಿರ್ಭೀಕ್, ಶ್ಯಾಮಾ ಇವೂ ಇದೇ ಬಗೆಯವು. ಬಿ.ವಿ. 300 ಎಂಬುದು ಪಂಜರದ ಫಾರಂಗಳಿಗಾಗಿ ಖಾಸಗಿ ಕಂಪೆನಿಯೊಂದು ಬೆಳೆಸಿದ ಬಿಳಿ ಮೊಟ್ಟೆಯ ವ್ಯಾಪಾರೀ ಕೋಳಿ.

ಇದರಿಂದ ಸಾಕುವವನಿಗೆ ಏನು ವ್ಯತ್ಯಾಸವೆನ್ನುವಿರೋ? ವ್ಯತ್ಯಾಸ ಎರಡನೆಯ ವರ್ಷದಲ್ಲಿ ತಿಳಿಯುತ್ತದೆ. ಗಿರಿರಾಜ ಹೇಂಟೆಯ ಮೊಟ್ಟೆಗಳನ್ನು ಊರ ಹೇಂಟೆಯ ಕೆಳಗಿಟ್ಟು ಕಾವು ಕೊಡಿಸಿದರೆ ಮರಿಗಳೇನೋ ಏಳುತ್ತವೆ, ಆದರೆ ಅವು ಗಿರಿರಾಜ ಆಗುವುದಿಲ್ಲ. ಒಂದು ಚಿಕ್ಕದು, ಒಂದು ದೊಡ್ಡದು, ಒಂದು ಬೇಗ ಮೊಟ್ಟೆಗೆ ಬರುವುದು, ಇನ್ನೊಂದು ತಡವಾಗಿ. ತಾಯಿಯ ಗುಣ ಒಂದರಲ್ಲಿ ಕಂಡರೆ ಮತ್ತೊಂದರಲ್ಲಿ ಕಾಣದು. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳ ಅಡಿಕೆಯ ಒಳ್ಳೆಯ ತಾಯಿಮರದಿಂದ ಬೀಜ ಆರಿಸಿ ಸಸಿ ಮಾಡುವುದು ಒಂದು ಕ್ರಮ. ವಿಟ್ಲದ ಸಂಶೋಧನಾ ಕೇಂದ್ರದ ಗಿಡ್ಡ ಸಂಕರ ತಳಿಯ ಗೊನೆಯಿಂದ ಬಿದ್ದ ಗೋಟನ್ನು ಪಾತಿಗೆ ಹಾಕಿ ಎಲ್ಲವೂ ಗಿಡ್ಡವೇ ಆಗಲಿ ಎಂದು ಕಾಯುವುದು ಇನ್ನೊಂದು. ಎರಡನೆಯದನ್ನು ಬಲ್ಲವರು ಮಾಡುವುದಿಲ್ಲ. ಕೋಳಿಯಲ್ಲಿಯೂ ಹಾಗೆಯೇ. ಸಂಕರ ಕೋಳಿ ಬೇಕೆಂದಾದರೆ ಪ್ರತಿ ಸಲವೂ ಕೇಂದ್ರದಿಂದಲೇ ಮರಿ ತರಬೇಕು. ಆ ಖರ್ಚನ್ನು ಲೆಕ್ಕದಲ್ಲಿ ಹಿಡಿಯಬೇಕು.

ಇದರ ಜೊತೆಗೇ ನೋಡಬೇಕಾದ ಇನ್ನೊಂದು ಗುಣ ಕಾವಿಗೆ ಕೂರುವುದು. ಊರ ಹೇಂಟೆ ಹದಿನೈದು ಮೊಟ್ಟೆಯಾಗುತ್ತಲೇ ಗೂಡು ಬಿಟ್ಟೇಳುವುದಿಲ್ಲ, 21 ದಿವಸ ಕೂತು ಮರಿ ಮಾಡುತ್ತದೆ. ಹೆಚ್ಚು ಮೊಟ್ಟೆ ಇಡಬೇಕೆಂದು ಆರಿಸಿದ ಕೋಳಿಗಳಲ್ಲಿ ಈ ಸ್ವಭಾವ ಬಹುಮಟ್ಟಿಗೆ ಹೋಗಿಬಿಟ್ಟಿದೆ. ಇದು ಸಹಜವೇ. ಕಾವಿಗೆ ಕೂತ ದಿನಗಳಲ್ಲಿ ಮೊಟ್ಟೆ ಇಲ್ಲವಷ್ಟೆ. ಆದ್ದರಿಂದ ಒಂದೇ ಕೋಳಿ ವರ್ಷಕ್ಕೆ ಇನ್ನೂರು ಮೊಟ್ಟೆಯನ್ನೂ ಇಡುತ್ತದೆ, ತಾನೇ ಮೂರು ಸಲ ಮರಿಯನ್ನೂ ಮಾಡುತ್ತದೆ ಎಂದು ಬರೆದ ಪುಸ್ತಕ ಸಿಕ್ಕರೆ, ಬರೆದವರು ಕೋಳಿ ಸಾಕಿದವರಲ್ಲ ಎಂದು ತಿಳಿಯತಕ್ಕದ್ದು.

ನಂಬತಕ್ಕ ಪುಸ್ತಕದಲ್ಲಿ ಶುದ್ಧ ತಳಿ, ಸಂಕರ, ವ್ಯಾಪಾರೀ ವಂಶ ಈ ಮೂರನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ, ಕನಿಷ್ಠಪಕ್ಷ ಬೇರೆ ಬೇರೆ ಪಟ್ಟಿಗಳಲ್ಲಿ ಕೊಟ್ಟಿರುತ್ತಾರೆ. ಮರಿ ಎಲ್ಲಿ ಸಿಗುತ್ತದೆ, ಮನೆಯಲ್ಲಿ ಮಾಡಿದ ಮರಿಗೆ ಅದೇ ಗುಣ ಬರುತ್ತದೆಯೇ ಇಲ್ಲವೇ ಎಂದೂ ಹೇಳಿರುತ್ತಾರೆ. ಇದಿಲ್ಲದ ಪುಸ್ತಕ ಎಷ್ಟು ದಪ್ಪವಿದ್ದರೇನು?

ಮೊಟ್ಟೆಯ ಲೆಕ್ಕ

ಪುಸ್ತಕಗಳಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ವರ್ಷಕ್ಕೆ ಇಷ್ಟು ಮೊಟ್ಟೆ ಎಂಬ ಅಂಕಿಯ ಕಡೆಗೆ. ಸ್ಥೂಲವಾಗಿ ಹೇಳುವುದಾದರೆ ಊರ ಕೋಳಿ 50ರಿಂದ 80, ವನರಾಜ 110ರ ಆಸುಪಾಸು, ಗಿರಿರಾಜ 130ರಿಂದ 150, ಸ್ವರ್ಣಧಾರ 180ರಿಂದ 190, ಬಿಳಿ ಲೆಗಾರ್ನ್ ಮೂಲದ ಫಾರಂ ಕೋಳಿ 300ರ ಮೇಲೆ. ಈ ಅಂಕಿಗಳು ಸುಳ್ಳಲ್ಲ. ಆದರೆ ಪ್ರತಿಯೊಂದರ ಹಿಂದೆಯೂ ಇಂಥ ಆಹಾರ, ಇಂಥ ಮನೆ, ಇಂಥ ಬೆಳಕು ಎಂಬ ಷರತ್ತು ಇದೆ. ಪುಸ್ತಕ ಆ ಷರತ್ತನ್ನು ಹೇಳುತ್ತದೆಯೇ ಎಂಬುದೇ ಪ್ರಶ್ನೆ.

ಆಸ್ಟ್ರಲಾರ್ಪ್ ಎಂಬ ಕರಿ ಕೋಳಿಯ ಬಗ್ಗೆ ಪ್ರತಿಯೊಂದು ಪುಸ್ತಕವೂ ಹೇಳುವ ಸಂಗತಿ, ಅದರ ಒಂದು ಹೇಂಟೆ 365 ದಿನಗಳಲ್ಲಿ 364 ಮೊಟ್ಟೆ ಇಟ್ಟಿತ್ತು ಎಂಬುದು. ಅದು 1920ರ ದಶಕದಲ್ಲಿ ಆಸ್ಟ್ರೇಲಿಯದ ಮೊಟ್ಟೆ ಸ್ಪರ್ಧೆಗಳ ಕಾಲದ ದಾಖಲೆ. ಸ್ಪರ್ಧೆಗೆಂದು ಆರಿಸಿದ ಒಂದು ಹೇಂಟೆಯ ಸಾಧನೆ, ಇಡೀ ತಳಿಯ ಸರಾಸರಿ ಅಲ್ಲ. ಊರಿನಲ್ಲಿ ಒಂದು ಅಡಿಕೆ ಮರ ಯಾವುದೋ ಒಂದು ವರ್ಷ ಆರು ಗೊನೆ ಬಿಟ್ಟಿತೆಂದು ಎಕರೆಯ ಲೆಕ್ಕ ಹಾಕುವವರುಂಟೇ? "ಇಷ್ಟರವರೆಗೆ ಇಡುತ್ತದೆ" ಎಂಬ ಮಾತು ಕಂಡಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆದಿಡಿ. ಒಳ್ಳೆಯ ಲೇಖಕರು ಸರಾಸರಿಯನ್ನು ಕೊಡುತ್ತಾರೆ. ಫಾರಂನಲ್ಲಿ ಇಷ್ಟು, ಹಿತ್ತಿಲಲ್ಲಿ ಬಿಟ್ಟು ಸಾಕಿದರೆ ಇಷ್ಟು ಎಂದು ಎರಡು ಅಂಕಿ ಕೊಟ್ಟವರನ್ನು ಇನ್ನೂ ಹೆಚ್ಚು ನಂಬಬಹುದು. ಎರಡನೆಯ ಅಂಕಿ ಮೊದಲಿನದಕ್ಕಿಂತ ಕಡಿಮೆಯೇ ಇರಬೇಕು.

ಮೊಟ್ಟೆಯ ಅಂಕಿಯನ್ನು ಆಹಾರದ ಅಂಕಿಯೊಡನೆ ತಾಳೆ ನೋಡುವುದು ಸುಲಭವಾದ ಉಪಾಯ. ನಿತ್ಯ ಮೊಟ್ಟೆ ಇಡುವ ಫಾರಂ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಸಮತೋಲ ಆಹಾರ ತಿನ್ನುತ್ತದೆ. ವರ್ಷಕ್ಕೆ 40 ಕಿಲೋ ಆಯಿತು. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಸುಣ್ಣದಂಶ ಬೇಕು. ಮುನ್ನೂರು ಮೊಟ್ಟೆಗೆ ಅರ್ಧ ಕಿಲೋಗೂ ಮಿಕ್ಕಿ ಸುಣ್ಣದಂಶ ಆ ಪುಟ್ಟ ದೇಹದ ಮೂಲಕ ಹಾದುಹೋಗಬೇಕು. ಚಿಪ್ಪಿನ ಪುಡಿಯೋ ಸುಣ್ಣಕಲ್ಲಿನ ನುಚ್ಚೋ ಕೊಡದಿದ್ದರೆ ಅದು ತನ್ನ ಎಲುಬಿನಿಂದ ತೆಗೆದು ಕೊಡುತ್ತದೆ, ಆಮೇಲೆ ಕಾಲು ಸೋತು ಕೂರುತ್ತದೆ. ಹೀಗಿರುವಾಗ "ಅಡಿಗೆ ಮನೆಯ ಉಳಿಕೆ ಹಾಕಿದರೆ ಸಾಕು, ವರ್ಷಕ್ಕೆ 300 ಮೊಟ್ಟೆ" ಎಂದು ಬರೆದ ಪುಸ್ತಕವನ್ನು ಏನೆನ್ನಬೇಕು? ಉಳಿಕೆ ತಿಂದು, ತರಗೆಲೆ ಕೆದಕಿ, ಹುಳು ಹುಪ್ಪಟೆ ಹೆಕ್ಕಿ ಬದುಕುವ ಕೋಳಿಗೆ ಅದರದೇ ಬೆಲೆಯಿದೆ. ಅದರ ಮೊಟ್ಟೆಯ ಸಂಖ್ಯೆ ಮಾತ್ರ ಬೇರೆ.

ಯಾವ ಕಾಲದ ಪುಸ್ತಕ?

ಹಳೆಯ ಪುಸ್ತಕಗಳೆಂದರೆ ನಮಗೆ ಗೌರವ, ಅದು ಸರಿಯೂ ಹೌದು. ಗೂಡು ಕಟ್ಟುವುದು, ಮರಿ ನೋಡಿಕೊಳ್ಳುವುದು, ಮೊದಲ ವಾರ ಬ್ರೂಡರಿನಲ್ಲಿ 95 ಡಿಗ್ರಿ ಫಾರನ್‌ಹೀಟ್, ಅಂದರೆ 35 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟು, ವಾರಕ್ಕೆ ಐದು ಡಿಗ್ರಿ ಫಾರನ್‌ಹೀಟಿನಂತೆ ಇಳಿಸುವುದು, ಇವೆಲ್ಲ ಐವತ್ತು ವರ್ಷದ ಹಿಂದಿನ ಪುಸ್ತಕದಲ್ಲಿದ್ದರೂ ಇಂದಿಗೂ ಸರಿಯೇ. ಆದರೆ ರೋಗದ ಅಧ್ಯಾಯ ಹಾಗಲ್ಲ. ಅಷ್ಟೇ ಅಲ್ಲದೆ ಹಳೆಯ ಪಠ್ಯಕ್ಕೇ ಹೊಸ ರಕ್ಷಾಪುಟ ಹೊದಿಸಿ ಮಾರುವುದೂ ಉಂಟು. ಮುದ್ರಣದ ವರ್ಷವನ್ನಷ್ಟೇ ನಂಬದೆ ಒಳಗಿನ ಜ್ಞಾನದ ವಯಸ್ಸನ್ನು ನೋಡಬೇಕು. ಹಸುವಿನ ಹಲ್ಲು ನೋಡಿ ವಯಸ್ಸು ಹೇಳುವಂತೆ, ನಾಲ್ಕು ಗುರುತುಗಳಿಂದ ಇದನ್ನು ಪತ್ತೆ ಮಾಡಬಹುದು.

ಮೊದಲನೆಯದು ಕೊಕ್ಕರೆ ರೋಗ. ಇದು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 1926ರಲ್ಲಿ ಕಂಡದ್ದರಿಂದ ಆ ಊರಿನ ಹೆಸರು ಪಡೆಯಿತು. ನಮ್ಮ ದೇಶದಲ್ಲಿ ಕುಮಾವೂನ್ ಬೆಟ್ಟದ ರಾಣಿಖೇತ್‌ನಲ್ಲಿ ಮೊದಲು ವರದಿಯಾದದ್ದರಿಂದ ರಾಣಿಖೇತ್ ರೋಗವೆಂದೂ ಹೆಸರು. ಇದಿಲ್ಲದ ಪುಸ್ತಕ ಈಗ ಸಿಗಲಾರದು. ಎರಡನೆಯದು ಬೂಸಲು ಹಿಡಿದ ಆಹಾರದ ವಿಷ. ಇಂಗ್ಲೆಂಡಿನಲ್ಲಿ 1960ರಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ, ಅವುಗಳಿಗೆ ಹಾಕಿದ ಕಡಲೆಕಾಯಿ ಹಿಂಡಿಯ ಬೂಸಲಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುವುದು ಗೊತ್ತಾಯಿತು. ಅಡಿಕೆಯನ್ನು ಮಳೆಗಾಲದಲ್ಲಿ ಕೂಡಿಟ್ಟು ಬೂಸಲಿನೊಡನೆ ಹೆಣಗುವ ನಮಗೆ ಈ ಅಧ್ಯಾಯ ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋಳದ ಮೂಟೆಯನ್ನು ನೆಲಕ್ಕೆ ತಾಗಿಸಿ ಇಟ್ಟರೆ ಮೂರೇ ವಾರ ಸಾಕು. ಮೂರನೆಯದು ಗಂಬೋರೋ ರೋಗ. ಅಮೆರಿಕದ ಡೆಲವೇರ್ ರಾಜ್ಯದ ಒಂದು ಊರಿನ ಹೆಸರು ಹೊತ್ತ ಇದನ್ನು ವಿವರಿಸಿದ್ದು 1962ರಲ್ಲಿ. ಮೂರರಿಂದ ಆರು ವಾರದ ಮರಿಗಳನ್ನು ಹಿಡಿಯುತ್ತದೆ. ನಾಲ್ಕನೆಯದು ಮಾರೆಕ್ಸ್ ರೋಗದ ಲಸಿಕೆ. ರೋಗವನ್ನು ಹಂಗೇರಿಯ ಮಾರೆಕ್ 1907ರಲ್ಲಿಯೇ ವರ್ಣಿಸಿದ್ದರೂ ಲಸಿಕೆ ಬಂದದ್ದು 1970ರ ಸುಮಾರಿಗೆ. ಇದನ್ನು ಮರಿ ಹುಟ್ಟಿದ ದಿನವೇ ಮರಿ ಮಾಡುವ ಕೇಂದ್ರದಲ್ಲಿ ಹಾಕಬೇಕು, ಮನೆಗೆ ತಂದ ಮೇಲೆ ಹಾಕಿ ಪ್ರಯೋಜನವಿಲ್ಲ. ಆದ್ದರಿಂದ ಮರಿ ಕೊಳ್ಳುವಾಗಲೇ "ಮಾರೆಕ್ಸ್ ಹಾಕಿದೆಯೇ" ಎಂದು ಕೇಳಬೇಕೆಂದು ಪುಸ್ತಕ ಹೇಳಬೇಕು.

ಒಂದು ಲಸಿಕೆ ಪಟ್ಟಿ ಇದೆಯೇ ನೋಡಿ. ಐದರಿಂದ ಏಳನೆಯ ದಿನಕ್ಕೆ ಕೊಕ್ಕರೆ ರೋಗದ ಮೊದಲ ಹನಿ, ಎರಡು ವಾರಕ್ಕೆ ಗಂಬೋರೋ, ನಾಲ್ಕು ವಾರಕ್ಕೆ ಕೊಕ್ಕರೆ ರೋಗದ ಎರಡನೆಯ ಹನಿ, ಎಂಟರಿಂದ ಹತ್ತು ವಾರಕ್ಕೆ ಚುಚ್ಚುಮದ್ದು, ನಡುವೆ ಸಿಡುಬಿನ ಲಸಿಕೆ. ಸುಮಾರಾಗಿ ಈ ಕ್ರಮ ಇರುತ್ತದೆ. ಊರಿನಲ್ಲಿ ಯಾವ ರೋಗ ಹೆಚ್ಚು ಎಂಬುದನ್ನು ನೋಡಿ ಪಶುವೈದ್ಯರು ಇದನ್ನು ಅಷ್ಟಿಷ್ಟು ಬದಲಿಸುತ್ತಾರೆ. ಪಟ್ಟಿಯೇ ಇಲ್ಲದೆ "ಬೆಳ್ಳುಳ್ಳಿ ಅರಿಶಿನ ಕೊಡಿ, ರೋಗ ಬಾರದು" ಎಂದು ಮುಗಿಸಿದ ಪುಸ್ತಕವನ್ನು ನಂಬಿ ನೂರು ಮರಿ ತಂದರೆ, ಕೊಕ್ಕರೆ ರೋಗ ಒಂದು ಸಲ ಹೊಕ್ಕ ವಾರದಲ್ಲಿ ಗೂಡು ಖಾಲಿ. ಈ ರೋಗ ಬಂದ ಮೇಲೆ ಔಷಧಿ ಇಲ್ಲ.

ಹಾಗೆಯೇ ತೀರಾ ಹಿಂದಿನ ಪುಸ್ತಕಗಳಲ್ಲದಿದ್ದರೂ ಕೆಲವು ಪುಸ್ತಕಗಳಲ್ಲಿ ಬೆಳವಣಿಗೆಗೆಂದು ಆಹಾರದಲ್ಲಿ ಕೊಲಿಸ್ಟಿನ್ ಬೆರೆಸುವ ಸಲಹೆ ಇದೆ. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವಾಗಿ ಉಳಿದಿರುವ ಔಷಧಿಯಾದ್ದರಿಂದ, ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಹಕ್ಕಿಜ್ವರದ ಮಾತೂ ಇರಬೇಕು. ನಮ್ಮ ದೇಶದಲ್ಲಿ ಅದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಾಣಿಸಿತು.

ಯಾವ ನಾಡಿನ ಪುಸ್ತಕ?

ಬ್ರೆಜಿಲಿನಲ್ಲಿ ಕಾಫಿಯನ್ನು ಬಹುಪಾಲು ಬಯಲಿನಲ್ಲಿ, ನೆರಳಿಲ್ಲದೆ ಬೆಳೆಯುತ್ತಾರೆ. ಅಲ್ಲಿನ ಪುಸ್ತಕ ಓದಿ ಮೂಡಿಗೆರೆಯಲ್ಲಿ ಒಬ್ಬರು ನೆರಳಿನ ಮರ ಕಡಿಸಿದರೆ ನಾವೆಲ್ಲ ಅಯ್ಯೋ ಎನ್ನುತ್ತೇವೆ. ಆದರೆ ಅಮೆರಿಕದ ಕೋಳಿ ಪುಸ್ತಕವನ್ನು ಹಾಗೆಯೇ ಓದುತ್ತೇವೆ. ಆ ಪುಸ್ತಕಗಳು ಹೊಸಬರಿಗೆ ಶಿಫಾರಸು ಮಾಡುವುದು "ಚಳಿಗೆ ತಡೆಯುವ" ತಳಿಗಳನ್ನು. ಮೈ ತುಂಬ ದಪ್ಪ ಗರಿ, ತಲೆಗಂಟಿದ ಚಿಕ್ಕ ಜುಟ್ಟು. ಹಿಮ ಬೀಳುವಲ್ಲಿ ಎದ್ದು ನಿಂತ ದೊಡ್ಡ ಜುಟ್ಟು ಮರಗಟ್ಟಿ ಸತ್ತುಹೋಗುತ್ತದೆ, ಆದ್ದರಿಂದ ಅಲ್ಲಿ ಅದೇ ಸರಿ. ನಮ್ಮಲ್ಲಿ ತಿರುಗುಮುರುಗು. ಕೋಳಿಗೆ ಬೆವರಿಲ್ಲ. ಮೈಯ ಬಿಸಿಯನ್ನು ಅದು ಜುಟ್ಟು, ಗಲ್ಲದ ಜೋಲು, ಬಾಯಿಯ ಏದುಸಿರು ಇವುಗಳ ಮೂಲಕ ಹೊರಹಾಕುತ್ತದೆ. ಇಟಲಿಯ ಲಿವೋರ್ನೋ ಬಂದರಿನ ಹೆಸರು ಹೊತ್ತ ಲೆಗಾರ್ನ್ ಕೋಳಿಗೆ ದೊಡ್ಡ ಜುಟ್ಟು, ಹಗುರ ಮೈ. ಬಿಸಿಲ ನಾಡಿಗೆ ಅದು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ತೋಟದಲ್ಲಿ ಬಿಟ್ಟು ಸಾಕಲು ಅದರ ಬಿಳಿ ಬಣ್ಣವೇ ಶತ್ರು. ಹದ್ದು, ಗಿಡುಗಗಳಿಗೆ ದೂರದಿಂದಲೇ ಕಾಣುತ್ತದೆ. ಗಿರಿರಾಜ, ವನರಾಜಗಳಿಗೆ ಬಣ್ಣ ಬಣ್ಣದ ಗರಿ ಇರುವುದು ಬರಿಯ ಅಂದಕ್ಕಲ್ಲ.

ಮಲೆನಾಡಿನ, ಕರಾವಳಿಯ ನಿಜವಾದ ಕಷ್ಟ ಚಳಿಯೂ ಅಲ್ಲ, ಬಿಸಿಲೂ ಅಲ್ಲ, ಒದ್ದೆ. ಹಾಸಿದ ಹೊಟ್ಟು ನೆನೆದರೆ ರಕ್ತಭೇದಿ ಬಂದೇ ಬರುತ್ತದೆ. ಹಾಸಿನ ಬಗ್ಗೆ ಒಂದು ಪೂರ್ತಿ ಅಧ್ಯಾಯ ಇಲ್ಲದ ಪುಸ್ತಕ ನಮ್ಮ ಕಡೆಗೆ ಅರ್ಧ ಪುಸ್ತಕ. ಮತ್ತೆ ಅಮೆರಿಕದ ಪುಸ್ತಕದಲ್ಲಿ ರಕೂನ್ ಎಂಬ ಪ್ರಾಣಿಗೆ ಎರಡು ಪುಟ ಇರುತ್ತದೆ. ನಮ್ಮ ಮುಂಗುಸಿ, ಕಬ್ಬೆಕ್ಕು, ಕೇರೆ ಹಾವು ಇವುಗಳ ಸುದ್ದಿ ಇರುವುದಿಲ್ಲ.

ಇನ್ನು ಕೆಲವು ಸಂಗತಿಗಳನ್ನು ಯಾವ ಪುಸ್ತಕವೂ ಹೇಳದು, ನಾವೇ ಸೇರಿಸಿಕೊಳ್ಳಬೇಕು. ಕಾಫಿ ಒಣಗಿಸುವ ಕಣಕ್ಕೂ ಅಡಿಕೆ ಅಂಗಳಕ್ಕೂ ಕೋಳಿ ಬಿಡಕೂಡದು. ಹಿಕ್ಕೆ ಬಿದ್ದ ಕಾಫಿಯ ವಾಸನೆ ಕೊಳ್ಳುವವನಿಗೆ ತಿಳಿಯದೆ ಹೋಗುವುದಿಲ್ಲ. ಹೊಸದಾಗಿ ನೆಟ್ಟ ಮೆಣಸಿನ ಬಳ್ಳಿಯ ಬುಡವನ್ನು ಕೆದಕಿ ಬೇರು ತೆರೆದಿಡುತ್ತವೆ. ಮುಂಗಾರಿನಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಕೋಳಿಗಳನ್ನು ಕೂಡಿಹಾಕಬೇಕು. ಮೈಲುತುತ್ತದ ನೀರು ಡ್ರಮ್ಮಿನ ಪಕ್ಕ ಗುಂಡಿಯಲ್ಲಿ ನಿಂತಿದ್ದರೆ ಅವು ಕುಡಿಯದೆ ಬಿಡುವುದಿಲ್ಲ.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಪುಸ್ತಕ ಕೊಳ್ಳುವ ಮುನ್ನ ಐದು ನಿಮಿಷ ನಿಂತು ಮೂರು ಸಂಗತಿ ಹುಡುಕಿ. ಕಡಕ್‌ನಾಥ್ ಪುಟ ತೆಗೆಯಿರಿ. ಮಧ್ಯಪ್ರದೇಶದ ಝಾಬುವಾ, ಧಾರ್ ಕಡೆಯ ಈ ಕೋಳಿಯ ಚರ್ಮ, ಮಾಂಸ, ಎಲುಬಿನ ಹೊದಿಕೆ ಎಲ್ಲ ಕಪ್ಪು. ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಮೊಟ್ಟೆ ಕಪ್ಪಲ್ಲ, ತಿಳಿಗಂದು. "ಕಪ್ಪು ಮೊಟ್ಟೆ" ಎಂದಿದ್ದರೆ ಪುಸ್ತಕ ಮುಚ್ಚಿಡಿ. ಎರಡನೆಯದು, ಕಂದು ಮೊಟ್ಟೆ ಬಿಳಿ ಮೊಟ್ಟೆಗಿಂತ ಪುಷ್ಟಿಕರ ಎಂದಿದೆಯೇ? ಚಿಪ್ಪಿನ ಬಣ್ಣ ತಳಿಯಿಂದ ಬರುವುದು, ಒಳಗಿನ ಸತ್ವ ತಿಂದ ಆಹಾರದಿಂದ. ಪೇಟೆಯಲ್ಲಿ ಕಂದು ಮೊಟ್ಟೆಗೆ ಹೆಚ್ಚು ಬೆಲೆ ಸಿಗುತ್ತದೆ ಎಂದರೆ ಅದು ನಿಜ, ಅದು ಬೇರೆ ಮಾತು. ಮೂರನೆಯದು, ಕಿವಿಯ ಹಾಲೆ ಬಿಳಿಯಾದರೆ ಬಿಳಿ ಮೊಟ್ಟೆ, ಕೆಂಪಾದರೆ ಕಂದು ಮೊಟ್ಟೆ ಎಂಬ ಸೂತ್ರ. ಬಹುಮಟ್ಟಿಗೆ ಸರಿ, ಆದರೆ ಅಪವಾದಗಳಿವೆ. ಅಪವಾದಗಳಿವೆ ಎಂದು ಒಪ್ಪುವ ಲೇಖಕರು ಬೇರೆ ಕಡೆಯೂ ಎಚ್ಚರದಿಂದ ಬರೆದಿರುತ್ತಾರೆ.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಒಂದೇ ಎಂದು ಡಾರ್ವಿನ್ನನ ಕಾಲದಿಂದ ಪುಸ್ತಕಗಳು ಬರೆಯುತ್ತ ಬಂದವು. ಆದರೆ ಕೆಂಪು ಕಾಡುಕೋಳಿಯ ಚರ್ಮ ಹಳದಿಯಲ್ಲ. ಹಾಗಾದರೆ ನಮ್ಮ ಎಷ್ಟೋ ಕೋಳಿಗಳಿಗೆ ಹಳದಿ ಕಾಲು ಎಲ್ಲಿಂದ ಬಂತು? ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟಂತೆ, ಆ ಗುಣ ಬಂದಿರುವುದು ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ. ನಸುಕಿನಲ್ಲಿ ಕಾಫಿ ತೋಟದ ಅಂಚಿನಲ್ಲಿ ಕೂಗುವ ನಮ್ಮ ಪಶ್ಚಿಮ ಘಟ್ಟದ ಕಾಡುಕೋಳಿ ಅದೇ. ಈ ವಿಷಯ ಇದ್ದರೆ ಪುಸ್ತಕ 2008ರ ಆಚೆ ಪರಿಷ್ಕಾರವಾಗಿದೆ ಎಂದು ತಿಳಿಯಬಹುದು. ಇಲ್ಲದಿದ್ದರೂ ಕೋಳಿ ಸಾಕಲು ಅಡ್ಡಿಯೇನಿಲ್ಲ.

ಯಾವುದನ್ನು ಕೊಳ್ಳಬೇಕು?

ಹೊಸಬರಿಗೆ ದಪ್ಪ ಗ್ರಂಥಕ್ಕಿಂತ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರಗಳು ಕನ್ನಡದಲ್ಲಿ ಹೊರತರುವ ತೆಳುವಾದ ಹಸ್ತಪುಸ್ತಕಗಳೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಕಾಗದ ಸಾಧಾರಣ, ಚಿತ್ರಗಳು ಮಸುಕು. ಆದರೆ ಬರೆದವರ ಹೆಸರು, ಹುದ್ದೆ ಇರುತ್ತದೆ, ಅನುಮಾನ ಬಂದರೆ ಹೋಗಿ ಕೇಳಬಹುದು. ಒಂದು ಎಚ್ಚರಿಕೆ: ಪ್ರತಿ ಸಂಸ್ಥೆಗೂ ತಾನು ಬೆಳೆಸಿದ ಕೋಳಿಯ ಮೇಲೆ ಮಮತೆ ಹೆಚ್ಚು. ಹೆಬ್ಬಾಳದ್ದನ್ನೂ ಹೈದರಾಬಾದಿನದ್ದನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಎರಡರ ಅಂಕಿಗಳೂ ಅಳತೆಗೆ ಬರುತ್ತವೆ. ಮರಿ ಮಾರುವವರೇ ಉಚಿತವಾಗಿ ಹಂಚುವ ಪುಸ್ತಿಕೆಯನ್ನು ಮಾರಾಟದ ಪತ್ರವೆಂದೇ ಓದಬೇಕು. ಸ್ವಂತ ಆಹಾರ ಮಿಶ್ರಣ ಮಾಡುವವರು, ಪುಸ್ತಕದ ಪ್ರಮಾಣಗಳು ಭಾರತೀಯ ಮಾನಕ ಬ್ಯೂರೋದ ಕೋಳಿ ಆಹಾರದ ಮಾನಕಕ್ಕೆ (ಐ.ಎಸ್. 1374) ಹೊಂದುತ್ತವೆಯೇ ಎಂದು ಪಶುವೈದ್ಯರಲ್ಲಿ ಕೇಳಿಕೊಳ್ಳಲಿ.

ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ, ಅಲ್ಲಿ ಸಾಕುವವರಿಗೆ ತರಬೇತಿಯೂ ನಡೆಯುತ್ತದೆ. ಹೋಗುವವರು ಕೊಂಡ ಪುಸ್ತಕವನ್ನೂ ಕೈಯಲ್ಲಿ ಹಿಡಿದುಕೊಂಡು, ಪೆನ್ಸಿಲಿನ ಗೆರೆ ಎಳೆದ ಕಡೆಗಳನ್ನು ತೋರಿಸಿ ಕೇಳಿದರೆ ಹೋದದ್ದಕ್ಕೆ ಸಾರ್ಥಕ.

ಇದನ್ನೆಲ್ಲ ಚಳಿಗಾಲದಲ್ಲಿಯೇ ಮುಗಿಸಿಕೊಳ್ಳುವುದು ಅನುಕೂಲ. ಅಡಿಕೆ ಕೊಯ್ಲು, ಕಾಫಿ ಹಣ್ಣಿನ ಕೆಲಸದ ನಡುವೆ ಸಂಜೆ ಅರ್ಧ ಗಂಟೆ ಓದಬಹುದು. ಫೆಬ್ರವರಿ ಕೊನೆಗೆ ಮರಿಗೆ ಬೇಡಿಕೆ ಬರೆಸಿ, ಮಾರ್ಚ್ ನಡುವೆ ತಂದರೆ ಜೂನ್ ಮೊದಲ ಮಳೆಗೆ ಹತ್ತು ವಾರ ದಾಟಿರುತ್ತದೆ. ಅಷ್ಟರಲ್ಲಿ ಕೊಕ್ಕರೆ ರೋಗದ ಚುಚ್ಚುಮದ್ದೂ ಆಗಿ, ಮೈಮೇಲೆ ಪೂರ್ತಿ ಗರಿ ಬಂದಿರುತ್ತದೆ. ಮೇ ತಿಂಗಳ ಕೊನೆಗೆ ತಂದ ಮರಿಗಳಿಗೆ ಈ ಎರಡೂ ಇರುವುದಿಲ್ಲ.